ಸಹಾಯ ಬೇಕು: ಉರ್ ಮತ್ತು ಸಿಂಧೂ ಕಣಿವೆಯ ವ್ಯಾಪಾರದ ನಕ್ಷೆ ಕನ್ನಡದಲ್ಲಿ ಯಾರ ಹತ್ತಿರವಾದರೂ ಇದೆಯಾ?

ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಮೆಸೊಪೊಟೇಮಿಯಾ ಪಾಠ ಮಾಡುತ್ತಿದ್ದೇನೆ. ಒಂದೊಂದು ನಾಗರಿಕತೆಗೂ ಒಂದೊಂದು ಅಧ್ಯಾಯ ಇರುವುದರಿಂದ ಅವುಗಳ ನಡುವೆ ಓಡಾಟ ಇತ್ತು ಅನ್ನೋದೇ ಮಕ್ಕಳಿಗೆ ಗೊತ್ತಾಗುವುದಿಲ್ಲ. ಆದರೆ ಮೆಸೊಪೊಟೇಮಿಯಾದ ಉರ್ ನಗರದ ರಾಜಸಮಾಧಿಗಳಲ್ಲಿ, ಸುಮಾರು ಕ್ರಿ.ಪೂ. 2500ರ ಕಾಲದವು, ಸಿಂಧೂ ಕಣಿವೆಯ ಕೆಂಪು ಕಾರ್ನೀಲಿಯನ್ ಕಲ್ಲಿನ ಮಣಿಗಳು ಸಿಕ್ಕಿವೆ, ಮೆಲುಹ್ಹದ ಹಡಗುಗಳು ತನ್ನ ರಾಜಧಾನಿ ಅಕ್ಕಾಡ್‌ಗೆ ಬಂದು ನಿಲ್ಲುತ್ತವೆ ಅಂತ ದೊರೆ ಸಾರ್ಗನ್ ಹೆಮ್ಮೆಯಿಂದ ಬರೆಸಿದ್ದಾನೆ. ಮೆಲುಹ್ಹ ಅಂದರೆ ಸಿಂಧೂ ಪ್ರದೇಶವೇ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮೆಲುಹ್ಹ ಭಾಷೆಯ ದುಭಾಷಿಯೊಬ್ಬನ ಮುದ್ರೆ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಎಷ್ಟು ಚೆಂದ ಅಲ್ವಾ!

ಗುಜರಾತಿನ ಲೋಥಾಲ್, ಮಗನ್ ಅಂದರೆ ಇವತ್ತಿನ ಒಮಾನ್ ಕಡೆ, ದಿಲ್ಮುನ್ ಅಂದರೆ ಬಹ್ರೇನ್, ಉರ್, ಇಷ್ಟನ್ನು ಕನ್ನಡದಲ್ಲಿ ಗುರುತಿಸಿದ ನಕ್ಷೆ ಬೇಕು. ಮಣಿ, ಮುದ್ರೆಗಳ ಒಳ್ಳೆಯ ಫೋಟೋ ಇದ್ದರೂ ಕಳಿಸಿ. ಇಂಗ್ಲಿಷ್ ನಕ್ಷೆಯಾದರೂ ಪರವಾಗಿಲ್ಲ, ಹೆಸರುಗಳನ್ನು ನಾನೇ ಬರೆದುಕೊಳ್ಳುತ್ತೇನೆ.