ಮೊದಲ ಇಂಟರ್‌ವ್ಯೂ, ಹತ್ತು ನಿಮಿಷದ ಡೆಮೊ: ಹೋಗಿ ಬಂದವರು ಹೇಳಿ

ಕೇಳ್ತಿರೋದು ಮಂಡ್ಯದಿಂದ: ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ ಡಿ.ಎಲ್.ಎಡ್ (ಹಿಂದಿನ ಡಿ.ಎಡ್) ಮುಗೀತು, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಮೊದಲ ಪೇಪರ್‌ನಲ್ಲಿ 150ಕ್ಕೆ 94. ಬರೋ ಸೋಮವಾರ ಮೈಸೂರಿನ ಒಂದು ಖಾಸಗಿ ಶಾಲೇಲಿ ಎರಡನೇ ತರಗತಿಗೆ ಇಂಟರ್‌ವ್ಯೂ. ಹತ್ತು ನಿಮಿಷ ಪಾಠ ಮಾಡಿ ತೋರಿಸ್ಬೇಕಂತೆ. ಗಣಿತದ ಹತ್ತು-ಬಿಡಿ (ಸಂಖ್ಯೇಲಿ ಹತ್ತರ ಸ್ಥಾನ, ಬಿಡಿ ಸ್ಥಾನ) ತಗೊಳ್ಳಲಾ, ಪದ್ಯ ತಗೊಳ್ಳಲಾ?

ಕುವೆಂಪುನಗರ: ನಾನೂ ಹತ್ತು-ಬಿಡೀನೇ ತಗೊಂಡಿದ್ದೆ. ಖರ್ಚಿನ ಚೀಟಿ ಇನ್ನೂ ಪರ್ಸಲ್ಲಿದೆ. ಶಿವರಾಂಪೇಟೇಲಿ ಥರ್ಮೋಕೋಲ್ ಮೂರು ಶೀಟು 180, ಮಿಂಚಿನ ಹಾಳೆ 150, ಹನ್ನೆರಡು ಕಲರ್ ಪ್ರಿಂಟು 240, ಅದಕ್ಕೆ ಲ್ಯಾಮಿನೇಷನ್ 360, ಗೋಂದು-ಮಾರ್ಕರ್ 90. ಬಸ್ಸಲ್ಲಿ ಹಿಡಿಸಲ್ಲ ಅಂತ ಆಟೋಗೆ 120. ಒಟ್ಟು 1,140. ಇಳಿಯೋವಾಗ ಒಂದು ಮೂಲೆ ಮುರೀತು.

ಒಳಗೆ ಹೋದ್ರೆ ಒಂದು ಮಗೂನೂ ಇಲ್ಲ, ಮೂರು ಜನ ದೊಡ್ಡವರು. 'ನಮ್ಮನ್ನೇ ಮಕ್ಕಳು ಅಂದ್ಕೊಳ್ಳಿ' ಅಂದ್ರು. ಮೂರನೇ ನಿಮಿಷಕ್ಕೆ 'ಸಾಕು'. ಆಮೇಲೆ ಒಂದೇ ಪ್ರಶ್ನೆ: 'ಮಗು ಇಪ್ಪತ್ತಮೂರನ್ನ 203 ಅಂತ ಬರೀತು, ಏನ್ಮಾಡ್ತೀರಿ?' ನಾನು 'ಹತ್ತು ಸಲ ಬರೆಸ್ತೀನಿ' ಅಂದ್ಬಿಟ್ಟೆ. ಮೂರೂ ಜನ ಪೆನ್ನು ಕೆಳಗಿಟ್ರು. ಎರಡು ವರ್ಷ ಆಯ್ತು, ಆ ಶಬ್ದ ಇನ್ನೂ ಕಿವೀಲಿದೆ.

ಎಚ್.ಡಿ. ಕೋಟೆ, ಸರ್ಕಾರಿ ಶಾಲೆ: ಥರ್ಮೋಕೋಲ್ ಯಾಕಮ್ಮ? ಆಟ-ಚಟುವಟಿಕೇಲಿ ಕಲಿಸೋ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾಗಿದ್ದು ನಮ್ಮ ತಾಲ್ಲೂಕಲ್ಲೇ. ನಾನು ತೆಂಗಿನ ಕಡ್ಡಿ ಮುರಿದು ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕ್ತೀನಿ. ಮಗು ಕಿವೀಲಿ 'ಇಪ್ಪತ್ತು' ಕೇಳುತ್ತೆ, 20 ಬರೆಯುತ್ತೆ. 'ಮೂರು' ಕೇಳುತ್ತೆ, ಪಕ್ಕದಲ್ಲಿ 3 ಬರೆಯುತ್ತೆ. ತಪ್ಪಲ್ಲ ಅದು, ಕೇಳಿದ್ದನ್ನೇ ಬರೆದಿದೆ. ಎರಡು ಕಟ್ಟು, ಮೂರು ಬಿಡಿ ಕೈಗೆ ಕೊಡಿ, 'ಕಟ್ಟು ಎಷ್ಟು?' ಅನ್ನಿ. 23ರಲ್ಲಿ 7 ಕಳೆಯೋವಾಗ ಮಗು ತಾನೇ ಒಂದು ರಬ್ಬರ್ ಬ್ಯಾಂಡ್ ಬಿಚ್ಚುತ್ತಲ್ಲ, ಆ ಹೊತ್ತಿಗೋಸ್ಕರ ನಾನು ಇನ್ನೂ ಒಂದನೇ-ಎರಡನೇ ತರಗತಿ ಬಿಟ್ಟಿಲ್ಲ. ಖಾಸಗಿ ಬೇಡ, ಸರ್ಕಾರಿ ಶಿಕ್ಷಕರ ನೇಮಕದ ಪರೀಕ್ಷೆ ಸಿಇಟಿಗೆ ಓದಿ. ಸರ್ಕಾರಿ ನೇಮಕದಲ್ಲಿ ಇಂಟರ್‌ವ್ಯೂನೇ ಇಲ್ಲ.

ಶ್ರೀರಂಗಪಟ್ಟಣ: ಮೇಡಂ, ಅಧಿಸೂಚನೆ ಬರೋ ತನಕ ಊಟಕ್ಕೆ ಏನು ಮಾಡೋದು? ನನ್ನ ಕತೆ ಕೇಳಿ. ಆಯ್ಕೆ ಆದ ದಿನವೇ ಹತ್ತನೇ ತರಗತಿ, ಪಿಯುಸಿ, ಡಿ.ಎಡ್ ಮೂಲ ಅಂಕಪಟ್ಟಿ ಇಸ್ಕೊಂಡ್ರು. ಬಾಯಲ್ಲಿ 14,000 ಅಂದಿದ್ರು, ಕೈಗೆ ಬಂದಿದ್ದು 11,500. ಅಮ್ಮನ ಕಾಲಿನ ಆಪರೇಷನ್‌ಗೆ ಡಿಸೆಂಬರಲ್ಲಿ ಬಿಟ್ಟೆ. ಮಧ್ಯದಲ್ಲಿ ಬಿಟ್ಟಿದ್ದಕ್ಕೆ ಎರಡು ತಿಂಗಳ ಸಂಬಳ ಕಟ್ಟಿ ಅಂದ್ರು. 23,000! ಅಂಕಪಟ್ಟಿ ವಾಪಸ್ ಬರೋಕೆ ಏಳು ತಿಂಗಳು, ಒಂಬತ್ತು ಸಲ ಓಡಾಟ. ಅಷ್ಟರಲ್ಲಿ ಊರಿನ ಶಾಲೇಲಿ ಅತಿಥಿ ಶಿಕ್ಷಕಿ ಜಾಗ ಖಾಲಿಯಾಯ್ತು, ಮೂಲ ದಾಖಲೆ ತೋರ್ಸಿ ಅಂದ್ರು. ಎಲ್ಲಿಂದ ತರ್ಲಿ? ಜೆರಾಕ್ಸ್ ಮಾತ್ರ ಕೊಡಿ. ಮೂಲ ತೋರ್ಸಿ, ಆಗಲೇ ಬ್ಯಾಗಿಗೆ ಹಾಕ್ಕೊಳ್ಳಿ.

ಮಳವಳ್ಳಿ: ನನಗೆ ಪಾಠದ ಮಧ್ಯೆ ತಡೆದು 'ಆಲು ಅಲ್ಲ, ಹಾಲು ಅನ್ನಿ' ಅಂದ್ರು. ಮೂರು ಸಲ ಹೇಳಿಸಿದ್ರು, ಒಬ್ಬರು ನಕ್ಕರು. ನಮ್ಮ ಕಡೆ ಮಗು ಮನೇಲಿ ಆಲು ಅಂತಾನೇ ಕುಡಿಯೋದು. ಮೊದಲ ದಿನವೇ ನಿನ್ನ ಮಾತು ತಪ್ಪು ಅಂದ್ರೆ ಅದು ಆಮೇಲೆ ಬಾಯಿ ಬಿಡಲ್ಲ. ಇದನ್ನ ಅವರಿಗೆ ಹೇಳ್ಬೇಕಿತ್ತು. ಗಂಟಲು ಕಟ್ಟಿ ಎದ್ದು ಬಂದೆ.

ಸರಸ್ವತಿಪುರಂ: ನಕ್ಕಿದ್ದು ದೊಡ್ಡ ತಪ್ಪು. ಆದ್ರೆ ತಿದ್ದಿದ್ದು ತಪ್ಪಲ್ಲ. ನಾನು ಹತ್ತೊಂಬತ್ತು ವರ್ಷದಿಂದ ನೋಟ್‌ಬುಕ್ ತಿದ್ದುತ್ತಿದ್ದೀನಿ. ಟೀಚರ್ 'ಅತ್ತು' ಅಂದ್ರೆ ಮಗು ಹಾಗೇ ಬರೆಯುತ್ತೆ, 'ಹತ್ತು' ಹೋಗಿ ಅಳು ಆಗುತ್ತೆ. ಮಕ್ಕಳು ಹೇಗಾದ್ರೂ ಮಾತಾಡ್ಲಿ, ಟೀಚರ್ ಬಾಯಲ್ಲಿ ಎರಡೂ ಇರ್ಬೇಕು.

ಮಳವಳ್ಳಿ: ನೀವು ಆ ಕುರ್ಚೀಲಿ ಕೂತವರ ಥರಾನೇ ಮಾತಾಡ್ತಿದ್ದೀರಿ.

ಸರಸ್ವತಿಪುರಂ: ಕೂತಿದ್ದೀನಿ, ನಾಲ್ಕು ವರ್ಷ. ಯಾರನ್ನೂ ಉಚ್ಚಾರಣೆಗೆ ವಾಪಸ್ ಕಳಿಸಿಲ್ಲ. ಮಗು ಬರೆದಿದ್ದನ್ನ ನೋಡದೇ ಬೈದವರನ್ನ ಕಳಿಸಿದ್ದೀನಿ.

ಕುವೆಂಪುನಗರ: ಅದು ನನಗೆ ಹೇಳಿದ್ದಾ? ನಾನೆಲ್ಲಿ ಬೈದೆ? ಬರೆಸ್ತೀನಿ ಅಂದಿದ್ದು. ನಮ್ಮನ್ನೂ ಹಾಗೇ ಬರೆಸಿದ್ರು. ಬೇರೆ ದಾರಿ ಇದೆ ಅಂತ ಎರಡು ವರ್ಷ ಕಾಲೇಜಲ್ಲಿ ಯಾರು ತೋರ್ಸಿದ್ರು? ಇಪ್ಪತ್ತೈದು ಪಾಠಯೋಜನೆ ಬರ್ದೆ, ಒಂದು ಮಗುವಿನ ತಪ್ಪನ್ನೂ ಜೊತೇಲಿ ಕೂತು ನೋಡ್ಲಿಲ್ಲ.

ಎಚ್.ಡಿ. ಕೋಟೆ: ಅದು ನಿಜ. ಅದಕ್ಕೇ ಸರ್ಕಾರಿಗೆ ಬನ್ನಿ ಅಂದಿದ್ದು.

ಶ್ರೀರಂಗಪಟ್ಟಣ: ಮತ್ತೆ ಅದೇ! ನೀವು ಸೇರಿದ ಕಾಲ ಬೇರೆ ಮೇಡಂ. ಈಗ 94 ತಗೊಂಡೋರೂ ಕಾಯ್ತಾ ಕೂತಿದ್ದಾರೆ. ಸಂಬಳ ಬರೋ ಕೈಯಿಂದ ಹೀಗೆ ಬರೀಬೇಡಿ.

ಎಚ್.ಡಿ. ಕೋಟೆ: ನಾನೂ ಐದು ವರ್ಷ ಕಾದಿದ್ದೀನಿ, ಬೇರೆಯವರ ಮನೇಲಿ ಟ್ಯೂಷನ್ ಹೇಳ್ಕೊಂಡು. ಅದನ್ನ ಬರೀಲಿಲ್ಲ ಅಷ್ಟೇ.

ಮಂಡ್ಯ: ನಿನ್ನೆ ಪಕ್ಕದ್ಮನೆ ಹುಡುಗನಿಗೆ ಮೂವತ್ತೈದು ಬರಿ ಅಂದೆ. 305 ಬರ್ದ. ಪೊರಕೆ ಕಡ್ಡೀಲಿ ಮೂರು ಕಟ್ಟು, ಐದು ಬಿಡಿ ಕೊಟ್ಟೆ. ತುಂಬ ಹೊತ್ತು ನೋಡಿ ಸೊನ್ನೆ ಮೇಲೆ ಬೆರಳಿಟ್ಟು, 'ಇದು ಕಟ್ಟಿನೊಳಗೇ ಇದೆಯಲ್ಲ ಅಕ್ಕ' ಅಂದ. ಸೋಮವಾರಕ್ಕೆ ಕಡ್ಡೀನೇ ತಗೊಂಡು ಹೋಗ್ತೀನಿ. ಶ್ರೀರಂಗಪಟ್ಟಣದವರೇ, ಅಂಕಪಟ್ಟಿ ಕೊಡ್ಲೇಬೇಕು ಅಂತ ಹಟ ಹಿಡಿದ್ರೆ?

ಶ್ರೀರಂಗಪಟ್ಟಣ: ಎದ್ದು ಬನ್ನಿ. ನಾನು ಏಳಲಿಲ್ಲ.