ಮಗಳಿಗೆ ಮೆಡಿಕಲ್ ಸೀಟು ಸಿಗಲಿಲ್ಲ, ಮುಂದೇನು ಮಾಡೋದು?

ಕಲಬುರಗಿ, ಈಗ ನ್ಯೂಜೆರ್ಸಿ:
ಎಲ್ಲರಿಗೂ ಶರಣು. ಮಗಳು ಕಳೆದ ವರ್ಷ ಇಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು. ಎಲ್ಲ ಕಡೆಯಿಂದ ಇಲ್ಲ ಅಂತಲೇ ಬಂತು. ಇಂಟರ್‌ವ್ಯೂಗೂ ಯಾರೂ ಕರೆಯಲಿಲ್ಲ. ಜಿಪಿಎ 3.7, ಎಂಕ್ಯಾಟ್ (ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ) 508. ಲ್ಯಾಬಿನಲ್ಲಿ ರಿಸರ್ಚ್ ಚೆನ್ನಾಗಿ ಮಾಡಿದ್ದಾಳೆ. ಅರ್ಜಿ ಮಾತ್ರ ಸೆಪ್ಟೆಂಬರ್‌ನಲ್ಲಿ ಹೋಯಿತು. ಈಗ ಊಟಕ್ಕೆ ಕರೆದರೂ ರೂಮಿನಿಂದ ಬರುವುದಿಲ್ಲ. ಊರಿನಿಂದ ಅತ್ತೆ ದಿನಾ ಫೋನ್ ಮಾಡಿ ಕೇಳುತ್ತಾರೆ, ಏನು ಹೇಳಲಿ ಗೊತ್ತಾಗುತ್ತಿಲ್ಲ. ಈ ಜೂನ್‌ಗೇ ಮತ್ತೆ ಹಾಕಬೇಕಾ, ಒಂದು ವರ್ಷ ಬಿಡಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಆಳಂದ, ಈಗ ಷಿಕಾಗೋ:
ಧೈರ್ಯ ಇರಲಿ ಅಕ್ಕಾ. ನನ್ನ ಮಗ ಮೊದಲ ಸಲಕ್ಕೇ ಒಳಗೆ ಹೋದ, ಈಗ ಮೂರನೇ ವರ್ಷ. ಚಿಕ್ಕವನಿದ್ದಾಗಿನಿಂದ ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದೆವು. ಶಿಸ್ತು ಮುಖ್ಯ.

ಸೇಡಂ, ಈಗ ಒಹಾಯೋ:
ಅಕ್ಕಾ, ನನ್ನ ಮಗಳಿಗೂ ಮೊದಲ ಸಲ ಸಿಗಲಿಲ್ಲ, ಆಮೇಲೆ ಸಿಕ್ಕಿತು. ಇಲ್ಲಿ ಪ್ರತಿ ವರ್ಷ ಅರ್ಜಿ ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಸೀಟು ಸಿಗುವುದಿಲ್ಲ, ಇದನ್ನು ಮೊದಲು ಅತ್ತೆಗೆ ಹೇಳಿ. ನನಗೆ ಕಾಣುವುದು ಎರಡು ಕೊರತೆ. ಒಂದು, ತಡವಾಯಿತು. ಹೆಚ್ಚಿನ ಕಾಲೇಜುಗಳು ಅರ್ಜಿ ಬಂದ ಹಾಗೆ ನೋಡುತ್ತಾ ಇಂಟರ್‌ವ್ಯೂಗೆ ಕರೆಯುತ್ತವೆ. ಜೂನ್ ಮೊದಲಲ್ಲೇ ಕಳಿಸಿದವರಿಗೂ ಸೆಪ್ಟೆಂಬರ್‌ನವರಿಗೂ ತುಂಬಾ ವ್ಯತ್ಯಾಸ. ಎರಡು, ಲ್ಯಾಬ್ ಬಿಟ್ಟರೆ ರೋಗಿಗಳ ಹತ್ತಿರ ಕೆಲಸ ಮಾಡಿದ್ದು ನೀವು ಬರೆದೇ ಇಲ್ಲ. ಡಾಕ್ಟರ್ ಆಗುವವಳು ಕಾಯಿಲೆಯವರ ಪಕ್ಕದಲ್ಲಿ ಕೂತಿದ್ದಾಳಾ ಅಂತ ಅವರು ನೋಡೇ ನೋಡುತ್ತಾರೆ. ಡಾಕ್ಟರ್ ಪಕ್ಕ ಇದ್ದು ಬರೆದುಕೊಳ್ಳುವ ಸ್ಕ್ರೈಬ್, ಆಂಬ್ಯುಲೆನ್ಸ್‌ನ ಇಎಂಟಿ, ಮೆಡಿಕಲ್ ಅಸಿಸ್ಟೆಂಟ್, ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ನಲ್ಲಿ ಸೇವೆ, ಯಾವುದಾದರೂ ಸರಿ, ವಾರ ವಾರ ಬಿಡದೆ ಮಾಡಬೇಕು. ಹಾಗಾಗಿ ಈ ಜೂನ್ ಬೇಡ. ಅದೇ ಅರ್ಜಿ ಮತ್ತೆ ಹೋದರೆ ಅದೇ ಉತ್ತರ ಬರುತ್ತದೆ. ಹೋದ ಸಲಕ್ಕಿಂತ ಏನು ಬದಲಾಗಿದೆ ಅಂತ ಎಷ್ಟೋ ಕಾಲೇಜುಗಳು ಸೆಕೆಂಡರಿಯಲ್ಲಿ (ಮೊದಲ ಅರ್ಜಿ ಆದಮೇಲೆ ಕಾಲೇಜು ಕಳಿಸುವ ಎರಡನೇ ಅರ್ಜಿ) ನೇರವಾಗಿ ಕೇಳುತ್ತವೆ.

ಬೀದರ್, ಈಗ ಡಲ್ಲಾಸ್:
ಇಷ್ಟೆಲ್ಲ ಯಾಕೆ ತಂಗಿ? ಊರಿಗೆ ಕಳಿಸು. ಕಲಬುರಗಿಯ ಎಂ.ಆರ್. ಮೆಡಿಕಲ್ ಕಾಲೇಜು 1963ರಿಂದ ಡಾಕ್ಟರ್‌ಗಳನ್ನು ಕೊಡುತ್ತಿದೆ. ಅಲ್ಲೇ ಸರ್ಕಾರಿ ಕಾಲೇಜು ಜಿಮ್ಸ್ ಇದೆ, ಬೀದರ್‌ನಲ್ಲಿ ಬ್ರಿಮ್ಸ್ ಇದೆ, ಯಾದಗಿರಿಗೂ ಕಾಲೇಜು ಬಂತು. ಐದೂವರೆ ವರ್ಷದಲ್ಲಿ ಎಂಬಿಬಿಎಸ್ ಮುಗಿಯುತ್ತದೆ. ಇಲ್ಲಿ ಡಿಗ್ರಿ ನಾಲ್ಕು, ಮೆಡಿಕಲ್ ನಾಲ್ಕು, ಮೈತುಂಬಾ ಸಾಲ. ಅಲ್ಲಿ ಅಜ್ಜಿ ಇದ್ದಾರೆ, ಬಿಸಿ ರೊಟ್ಟಿ ಸಿಗುತ್ತದೆ, ಭಾಷೆ ಬರುತ್ತದೆ. ನಮ್ಮ ಮಕ್ಕಳನ್ನು ನಾವೇ ಊರಿಂದ ದೂರ ಮಾಡಿದ್ದೇವೆ.

ಸುರಪುರ, ಈಗ ಸ್ಯಾನ್ ಹೋಸೆ:
ಅಣ್ಣಾ ಸರಿಯಾಗಿ ಹೇಳಿದರು. ನಮ್ಮ ಕಾಲದಲ್ಲಿ 371ಜೆ (ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ) ಇರಲಿಲ್ಲ, ಅದು ಬಂದಿದ್ದು 2013ರಲ್ಲಿ. ಈಗ ನಮ್ಮ ಭಾಗದ ಸೀಟುಗಳಲ್ಲಿ ನೂರಕ್ಕೆ 70 ನಮ್ಮ ಮಕ್ಕಳಿಗೇ. ನನಗೆ ಸ್ವಲ್ಪದರಲ್ಲಿ ತಪ್ಪಿತು. ಅಪ್ಪ ಹೊಲ ಮಾರುತ್ತೇನೆ ಅಂದರು, ನಾನೇ ಬೇಡ ಅಂದು ಇಂಜಿನಿಯರಿಂಗ್ ಸೇರಿದೆ. ಈಗಲೂ ಆಸ್ಪತ್ರೆ ಮುಂದೆ ಹೋದರೆ ಎದೆ ಭಾರ ಆಗುತ್ತದೆ.

ಸೇಡಂ, ಈಗ ಒಹಾಯೋ:
ಅಣ್ಣಾ, ಊರಿನ ಪ್ರೀತಿ ನನಗೂ ಇದೆ. ಆದರೆ ಎನ್‌ಆರ್‌ಐ ಸೀಟಿಗೂ ನೀಟ್ ಬರೆಯಲೇಬೇಕು. ಇಲ್ಲಿ ಡಿಗ್ರಿ ಮುಗಿಸಿದವಳು ಮತ್ತೆ ಪಿಯುಸಿ ಪುಸ್ತಕ ಹಿಡಿಯಬೇಕು. ಓದಿ ಇಲ್ಲಿಗೆ ಬಂದರೆ ಯುಎಸ್‌ಎಂಎಲ್‌ಇ ಅನ್ನುವ ಲೈಸೆನ್ಸ್ ಪರೀಕ್ಷೆ, ಆಮೇಲೆ ರೆಸಿಡೆನ್ಸಿ ಮ್ಯಾಚ್, ಅಂದರೆ ಆಸ್ಪತ್ರೆ ತರಬೇತಿಗೆ ಸೀಟು ಹಂಚುವುದು. ಇಲ್ಲಿ ಎಂಡಿ (ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಓದಿದವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಮಂದಿಗೆ ಮ್ಯಾಚ್ ಆಗುತ್ತದೆ. ಹೊರದೇಶದಲ್ಲಿ ಓದಿ ಬಂದವರಿಗೆ ಅಷ್ಟು ಸುಲಭ ಇಲ್ಲ.

ಬೀದರ್, ಈಗ ಡಲ್ಲಾಸ್:
ವಾಪಸ್ ಬರಲೇಬೇಕು ಅಂತ ಯಾರು ಹೇಳಿದರು? ನಮ್ಮ ಜಿಲ್ಲೆಗಳಿಗೆ ಡಾಕ್ಟರ್ ಬೇಡವಾ?

ಆಳಂದ, ಈಗ ಷಿಕಾಗೋ:
ಬೇಕು. ಆದರೆ ಹುಡುಗಿಗೆ ಏನು ಬೇಕು ಅಂತ ಕೇಳಿ.

ಕಲಬುರಗಿ, ಈಗ ನ್ಯೂಜೆರ್ಸಿ:
ಕೇಳಿದೆ. ಇಲ್ಲೇ ಓದುತ್ತಾಳಂತೆ. ಸೇಡಂ ಅಕ್ಕಾ, ಎಂಕ್ಯಾಟ್ ಮತ್ತೆ ಬರೆಯಬೇಕಾ? ಶಿಫಾರಸು ಲೆಟರ್‌ಗಳು ಎಲ್ಲ ಲ್ಯಾಬ್ ಪ್ರೊಫೆಸರ್‌ಗಳವೇ, ಅವೇ ಸಾಕಾ?

ಸೇಡಂ, ಈಗ ಒಹಾಯೋ:
ಒಳಗೆ ಹೋಗುವವರ ಸರಾಸರಿ 511ರ ಮೇಲಿದೆ. ಪ್ರಾಕ್ಟೀಸ್ ಟೆಸ್ಟ್‌ಗಳಲ್ಲಿ ಅದಕ್ಕಿಂತ ಮೇಲೆ ಮತ್ತೆ ಮತ್ತೆ ಬಂದರೆ ಮಾತ್ರ ಬರೆಯಲಿ. ಅಂಕ ಇಳಿದರೆ ಅದೂ ಕಾಣುತ್ತದೆ. ರಿಸಲ್ಟ್‌ಗೆ ಒಂದು ತಿಂಗಳು ಬೇಕು, ಹಾಗಾಗಿ ಮುಂದಿನ ವರ್ಷ ಏಪ್ರಿಲ್ ಒಳಗೆ ಮುಗಿಸಬೇಕು. ಲೆಟರ್ ಒಂದಾದರೂ ಅವಳು ರೋಗಿಗಳ ಜೊತೆ ಇರುವುದನ್ನು ನೋಡಿದ ಡಾಕ್ಟರ್‌ದು ಇರಲಿ. ನ್ಯೂಜೆರ್ಸಿ ಕಾಲೇಜುಗಳನ್ನು ಬಿಡಬೇಡಿ. ಡಿಓ (ಆಸ್ಟಿಯೋಪಥಿಕ್ ಮೆಡಿಸಿನ್, ಅದೂ ಡಾಕ್ಟರ್ ಡಿಗ್ರಿಯೇ) ಕಾಲೇಜುಗಳಿಗೂ ಹಾಕಲಿ, ಕಡಿಮೆ ಅಂತ ಯಾರಾದರೂ ಅಂದರೆ ಕೇಳಬೇಡಿ. 2020ರಿಂದ ಎಂಡಿ, ಡಿಓ ಎರಡಕ್ಕೂ ರೆಸಿಡೆನ್ಸಿ ಮ್ಯಾಚ್ ಒಂದೇ. ತಿರಸ್ಕರಿಸಿದ ಕಾಲೇಜುಗಳಿಗೆ ಈ ವಾರವೇ ಮೇಲ್ ಮಾಡಿ, ಅರ್ಜಿಯಲ್ಲಿ ಏನು ಕಡಿಮೆ ಇತ್ತು ಅಂತ ಅವಳೇ ಕೇಳಲಿ. ಕೆಲವರು ಹೇಳುತ್ತಾರೆ. ಅವಳಿಗೆ ನನ್ನ ಮಗಳ ನಂಬರ್ ಕೊಡುತ್ತೇನೆ, ಇವತ್ತು ರಾತ್ರಿ ಮಾತಾಡಲಿ.