ಬ್ಯಾಕಪ್ ಆಗ್ತದೆ, ಲಾಗ್ ರಿಪೋರ್ಟ್ ಮಾತ್ರ ಸಿಗ್ತಿಲ್ಲ

ಸಿಂಧನೂರು_ಮಿಲ್: ರೈಸ್ ಮಿಲ್‌ನ ಉಬುಂಟು ಸರ್ವರ್. ರೂಟ್ (ಮುಖ್ಯ ಅಡ್ಮಿನ್ ಖಾತೆ) ಕ್ರಾನ್‌ಟ್ಯಾಬ್‌ನಿಂದ, ಅಂದ್ರೆ ಕ್ರಾನ್ ಅನ್ನೋ ಪ್ರೋಗ್ರಾಂ ಹೊತ್ತಿಗೆ ಸರಿಯಾಗಿ ಓಡಿಸೋ ಕೆಲಸಗಳ ಪಟ್ಟಿಯಿಂದ, ರಾತ್ರಿ 2ಕ್ಕೆ ಬ್ಯಾಕಪ್ ಸ್ಕ್ರಿಪ್ಟ್ ಓಡ್ತದೆ. ಟಾರ್ ಫೈಲ್ (ಬ್ಯಾಕಪ್ ಎಲ್ಲಾ ಸೇರಿಸಿದ ಒಂದೇ ಫೈಲ್) ದಿನಾ ಸಿಗ್ತದೆ. ಲಾಗೂ (ಏನೇನಾಯ್ತು ಅನ್ನೋ ದಾಖಲೆ) ಇಲ್ಲ, ಇಮೇಲೂ ಇಲ್ಲ. ಕೈಯಿಂದ ಓಡಿಸಿದ್ರೆ ಲಾಗ್ ಬರ್ತದೆ. ಏನಿರಬಹುದು?

ಗಂಗಾವತಿ_ಲಿನಕ್ಸ್: ಕ್ರಾನ್‌ಟ್ಯಾಬ್ ಸಾಲಿನಲ್ಲಿ ತಾರೀಖಿನ ಶೇಕಡಾ ಚಿಹ್ನೆ (%) ಇದೆಯಾ? ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಇಲ್ಲದಿದ್ದರೆ ಕ್ರಾನ್ ಕಮಾಂಡನ್ನು ಅಲ್ಲಿಗೇ ಕತ್ತರಿಸ್ತದೆ.

ತೋರಣಗಲ್ಲು_ಅಡ್ಮಿನ್: ಹಾಗಾಗಿದ್ರೆ ಟಾರ್ ಕೂಡ ಬರ್ತಿರಲಿಲ್ಲ ಸರ್. ಸ್ಕ್ರಿಪ್ಟ್‌ನಲ್ಲಿ ಲಾಗ್‌ಗೆ ಪೂರ್ತಿ ಪಾತ್ (ಫೈಲ್ ಇರೋ ಜಾಗದ ವಿಳಾಸ) ಕೊಡದೆ ಬರೀ ಹೆಸರು ಕೊಟ್ಟಿರ್ತೀರಿ. ಕ್ರಾನ್ ಓಡೋದು ಬಳಕೆದಾರರ ಹೋಮ್ ಡೈರೆಕ್ಟರಿಯಿಂದ, ಅಂದ್ರೆ ಇಲ್ಲಿ /ರೂಟ್. ಮೊದಲು ಅಲ್ಲಿ ಹುಡುಕಿ, ಆಮೇಲೆ /ವಾರ್/ಲಾಗ್ ಕೆಳಗೆ ಪೂರ್ತಿ ಪಾತ್ ಬರೀರಿ.

ಮೇಲ್‌ದು ಬೇರೆ ಕಥೆ. ಸಿಸ್‌ಲಾಗ್‌ನಲ್ಲಿ (ಸಿಸ್ಟಮ್‌ನ ಲಾಗ್) ‘ನೋ ಎಂಟಿಎ ಇನ್‌ಸ್ಟಾಲ್ಡ್’ ಅಂತಿದ್ರೆ, ಅಂದ್ರೆ ಮೇಲ್ ಕಳಿಸೋ ಪ್ರೋಗ್ರಾಂ (ಎಂಟಿಎ) ಇಲ್ಲ ಅಂತಿದ್ರೆ, ಕ್ರಾನ್ ಔಟ್‌ಪುಟ್ಟನ್ನು ಎಸೆದುಬಿಟ್ಟಿದೆ. ಪೋಸ್ಟ್‌ಫಿಕ್ಸ್‌ನಂಥ ಪೂರ್ತಿ ಮೇಲ್ ಸರ್ವರ್ ಬೇಡ, ಮೇಲ್ ಕಳಿಸೋಕೆ ಎಂಎಸ್‌ಎಂಟಿಪಿ-ಎಂಟಿಎ ಅನ್ನೋ ಚಿಕ್ಕ ಪ್ಯಾಕೇಜ್ ಸಾಕು. ಮೇಲ್ ಕಳಿಸೋಕೆ ಪೋರ್ಟ್ 587 ಇಡಿ, 25ನ್ನು ಎಷ್ಟೋ ಇಂಟರ್ನೆಟ್ ಕಂಪನಿಗಳು ಬ್ಲಾಕ್ ಮಾಡಿರ್ತವೆ. ಮೇಲ್ ಯಾರಿಗೆ ಹೋಗಬೇಕು ಅನ್ನೋ ಮೇಲ್‌ಟೂ ಸಾಲು ಕ್ರಾನ್‌ಟ್ಯಾಬ್‌ನ ಮೇಲ್ಗಡೆ ಇರಲಿ.

ಗಂಗಾವತಿ_ಲಿನಕ್ಸ್: ಹೌದು, ಟಾರ್ ಬರ್ತದೆ ಅನ್ನೋದನ್ನ ಗಮನಿಸಲಿಲ್ಲ. ಇನ್ನೊಂದು: ಔಟ್‌ಪುಟ್ ಎಲ್ಲಾ ಫೈಲ್‌ಗೇ ತಿರುಗಿಸಿದ್ರೆ ಮೇಲ್ ಬರೋದೇ ಇಲ್ಲ. ಎರಡೂ ಬೇಕಂದ್ರೆ ‘ಟೀ’ ಕಮಾಂಡ್ ಬಳಸಿ, ಅದು ಔಟ್‌ಪುಟ್ಟನ್ನು ಫೈಲ್‌ಗೂ ಬರೆದು ಹೊರಗೂ ಬಿಡ್ತದೆ.

ಸಿಂಧನೂರು_ಮಿಲ್: ಲಾಗ್ /ರೂಟ್‌ನಲ್ಲೇ ಇತ್ತು. ಎಂಟಿಎ ಈಗ ಹಾಕ್ತೀನಿ.